ಗುಂಪಿನ ಫಂಕ್ಷನಲ್ ತರಬೇತಿ: ಮೊದಲ 12 ವಾರ ನೆಲೆ ನಿಲ್ಲುವುದು ಹೇಗೆ?

ಜಿಮ್‌ಗೆ ಸೇರಿ ಮೂರು ನಾಲ್ಕು ವಾರದಲ್ಲೇ ಬಿಟ್ಟವರು ಹೇಳುವ ಕಾರಣಗಳು ಹೆಚ್ಚುಕಡಿಮೆ ಒಂದೇ. ಮಂಡಿ ನೋವು ಬಂತು. ಮೈಕೈ ಹಿಡಿದುಕೊಂಡು ಮೆಟ್ಟಿಲು ಇಳಿಯಲೂ ಆಗಲಿಲ್ಲ. ಪರಿಚಯದವರು ಯಾರೂ ಇರಲಿಲ್ಲ, ಮೂಲೆಯಲ್ಲಿ ಒಂಟಿಯಾಗಿ ನಿಂತಂತಾಯಿತು. ಕೆಲವು ತಿಂಗಳ ನಂತರ ಮತ್ತೆ ಸೇರುತ್ತಾರೆ, ಮತ್ತೆ ಅದೇ ಕಥೆ. ಇವರಲ್ಲಿ ಸೋಮಾರಿಗಳು ತೀರ ಕಡಿಮೆ. ಎಲ್ಲರೂ ಎಡವುವುದು ಕ್ರಮದಲ್ಲಿ. ಮೊದಲ ದಿನವೇ ಗಡಿಯಾರ ಹಚ್ಚಿಕೊಂಡು ಜೋರು ಮಾಡುತ್ತಾರೆ, ಎರಡನೆಯ ವಾರ ತೂಕ ಏರಿಸುತ್ತಾರೆ, ನೋವು ಬಂದ ಮೇಲೆ ಭಂಗಿ ತಿದ್ದಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವರ ಹೆಸರು ಬಿಡುವ ದಿನದವರೆಗೂ ಗೊತ್ತಿರುವುದಿಲ್ಲ.

ಈ ಕ್ರಮವನ್ನು ತಿರುವಿ ಹಾಕಿ. ಮೊದಲು ಜನ, ಆಮೇಲೆ ಚಲನೆ, ಆಮೇಲೆ ತೂಕ, ಎಲ್ಲಕ್ಕಿಂತ ಕೊನೆಗೆ ವೇಗ.

ಫಂಕ್ಷನಲ್ ತರಬೇತಿ ಎಂದರೆ ಕೂತು ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಮೈ ದಿನವೂ ಮಾಡುವ ಈ ಕೆಲಸಗಳನ್ನೇ ಸರಿಯಾದ ಭಂಗಿಯಲ್ಲಿ, ನಿಧಾನವಾಗಿ ಭಾರ ಸೇರಿಸುತ್ತ ಕಲಿಯುವುದು. ಒಂದೊಂದು ಸ್ನಾಯುವಿಗೆ ಒಂದೊಂದು ಯಂತ್ರ ಇಲ್ಲಿಲ್ಲ. ಹಾಗಾಗಿ ಭಂಗಿ ಕೆಟ್ಟರೆ ತಡೆದು ಹಿಡಿಯುವ ಯಂತ್ರವೂ ಇಲ್ಲ.

ಏನೇನು ಬೇಕು

ಅಡಿ ಚಪ್ಪಟೆಯಾಗಿರುವ, ಒತ್ತಿದರೆ ಹೆಚ್ಚು ಕುಗ್ಗದ ಶೂ. ಓಟದ ಶೂಗಳ ಮೆತ್ತನೆಯ ಹಿಮ್ಮಡಿ ಭಾರ ಎತ್ತುವಾಗ ಕಾಲನ್ನು ಅಲುಗಾಡಿಸುತ್ತದೆ. ಒಂದು ಟವೆಲ್, ನೀರಿನ ಬಾಟಲಿ, ಒಂದು ಸಣ್ಣ ನೋಟ್‌ಬುಕ್ ಮತ್ತು ಪೆನ್ನು. ನೋಟ್‌ಬುಕ್ ಮರೆಯಬೇಡಿ, ಮುಂದಿನ ಪ್ರತಿ ಹಂತಕ್ಕೂ ಅದು ಬೇಕಾಗುತ್ತದೆ. ಗ್ಲೌಸ್, ಸೊಂಟದ ಬೆಲ್ಟ್, ಮಂಡಿಯ ಪಟ್ಟಿ ಮೊದಲ 12 ವಾರ ಬೇಡ.

ಹಂತ 1: ಮೈಯ ಸ್ಥಿತಿ ತಿಳಿದುಕೊಳ್ಳಿ

ಎದೆನೋವು, ತಲೆಸುತ್ತು, ಕಾರಣವಿಲ್ಲದ ಏದುಸಿರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದಯಕ್ಕೆ ಮಾತ್ರೆ, ಹಳೆಯ ಶಸ್ತ್ರಚಿಕಿತ್ಸೆ, ಗರ್ಭ, ವಾಸಿಯಾಗದ ಕೀಲುನೋವು, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಿ. "ಜಿಮ್‌ಗೆ ಹೋಗಬಹುದೇ?" ಎಂದಷ್ಟೇ ಕೇಳಿದರೆ "ಹೋಗಿ" ಎಂಬ ಉತ್ತರ ಬರುತ್ತದೆ, ಪ್ರಯೋಜನವಿಲ್ಲ. "ಭಾರ ಎತ್ತಬಹುದೇ? ಜಿಗಿಯಬಹುದೇ? ತಲೆ ಕೆಳಗಾಗುವ ಭಂಗಿ ಮಾಡಬಹುದೇ?" ಎಂದು ಬಿಡಿಬಿಡಿಯಾಗಿ ಕೇಳಿ, ಉತ್ತರ ಬರೆದುಕೊಂಡು ಕೋಚ್‌ಗೆ ತೋರಿಸಿ.

ಹಂತ 2: ಸೇರುವ ಮುನ್ನ ಒಂದು ಗಂಟೆ ಕೂತು ನೋಡಿ

ನೀವು ದಿನವೂ ಬರಬೇಕೆಂದಿರುವ ಹೊತ್ತಿನಲ್ಲೇ ಹೋಗಿ. ಬೆಳಿಗ್ಗೆಯ ಬ್ಯಾಚ್‌ಗೆ ಸೇರುವವರು ಸಂಜೆಯ ಬ್ಯಾಚ್ ನೋಡಿ ತೀರ್ಮಾನಿಸಿದರೆ ಪ್ರಯೋಜನವಿಲ್ಲ, ಜನ ಬೇರೆ, ಕೆಲವು ಕಡೆ ಕೋಚ್ ಕೂಡ ಬೇರೆ. ಉಪಕರಣಗಳ ಹೊಳಪು ನೋಡಬೇಡಿ. ಈ ನಾಲ್ಕನ್ನು ನೋಡಿ.

ಕೋಚ್ ಹೆಸರು ಹಿಡಿದು ಕರೆಯುತ್ತಾರೆಯೇ? ತರಗತಿ ನಡೆಯುವಾಗ ಸುತ್ತಾಡಿ ಭಂಗಿ ತಿದ್ದುತ್ತಾರೆಯೇ, ಮುಂದೆ ನಿಂತು ಕೂಗುತ್ತಾರಷ್ಟೆಯೇ? ಒಂದೇ ವ್ಯಾಯಾಮವನ್ನು ಇಬ್ಬರಿಗೆ ಎರಡು ರೀತಿಯಲ್ಲಿ ಹೇಳಿಕೊಡುತ್ತಾರೆಯೇ? ಈ ಮೂರು ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಹಗ್ಗ ಹಿಡಿದು ಎಳೆಯಲಾಗದವರಿಗೆ ಬೇರೆ ದಾರಿ ಕೊಡದ ಕಡೆ ಹೊಸಬರು ಉಳಿಯುವುದಿಲ್ಲ. ನಾಲ್ಕನೆಯದು, ಎಲ್ಲರಿಗಿಂತ ಕೊನೆಗೆ ಮುಗಿಸಿದವರಿಗೆ ಏನಾಗುತ್ತದೆ? ಉಳಿದವರು ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಾರೆಯೇ, ಇಬ್ಬರಾದರೂ ನಿಂತು "ಇನ್ನು ಎರಡೇ" ಎನ್ನುತ್ತಾರೆಯೇ? ಆ ಜಾಗದ ಗುಣ ಆ ಎರಡು ನಿಮಿಷದಲ್ಲಿ ತಿಳಿದುಬಿಡುತ್ತದೆ.

*ಎಚ್ಚರಿಕೆಯ ಲಕ್ಷಣ:* ಹಳೆಯ ಪೆಟ್ಟುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಕಟ್ಟಿಸಿಕೊಳ್ಳುವುದು, ಎಲ್ಲರಿಗೂ ಒಂದೇ ತೂಕ, ವಾಂತಿಯಾಗುವವರೆಗೆ ಮಾಡಿದೆವೆಂದು ಹೆಮ್ಮೆಪಡುವುದು, ಒಬ್ಬ ಕೋಚ್‌ಗೆ ಇಪ್ಪತ್ತೈದು ಮೂವತ್ತು ಜನ. ಇವುಗಳಲ್ಲಿ ಎರಡು ಕಂಡರೂ ಬೇರೆ ಜಾಗ ಹುಡುಕಿ.

ಹಂತ 3: ಒಂದೇ ಹೊತ್ತು, ಅವೇ ಮುಖಗಳು

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಪ್ರತಿ ಬಾರಿ ಅದೇ ಬ್ಯಾಚ್. ಆರಂಭಶೂರತ್ವದಲ್ಲಿ ಆರು ದಿನ ಬರುವವರನ್ನು ನಾಲ್ಕನೆಯ ವಾರ ನೋಡುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೂರು ತರಗತಿ, ಉಳಿದ ದಿನ ಒಂದಿಷ್ಟು ಚುರುಕು ನಡಿಗೆ ಮಾಡಿದರೆ ಆ ಲೆಕ್ಕ ತುಂಬುತ್ತದೆ.

ಅದೇ ಬ್ಯಾಚ್ ಏಕೆಂದರೆ, ಪರಿಚಯ ಬೆಳೆಯಲು ಮಾತಿಗಿಂತ ಮೊದಲು ಮುಖ ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಬಂದರೆ ಎರಡೂ ಕಡೆ ಹೊಸಬರಾಗಿಯೇ ಉಳಿಯುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು, ಕೆಲವರಿಗೆ 18, ಕೆಲವರಿಗೆ 254. ನಾನು 12 ವಾರದ ಮಾತಾಡುತ್ತಿರುವುದು ಅದಕ್ಕೇ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಮುರಿದು ಬೀಳುವುದಿಲ್ಲ ಎಂದೂ ಅದೇ ಅಧ್ಯಯನದಲ್ಲಿ ಕಂಡಿತ್ತು.

ಮೊದಲ ವಾರದ ಕೆಲಸ ಇಷ್ಟೇ: ತರಗತಿಗೆ 10 ನಿಮಿಷ ಮೊದಲು ಹೋಗಿ, ದಿನಕ್ಕೆ ಒಬ್ಬರ ಹೆಸರು ಕೇಳಿ, ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಸಲ ಆ ಹೆಸರಿನಿಂದಲೇ ಮಾತಾಡಿಸಿ. ಮೂರನೆಯ ವಾರದ ಹೊತ್ತಿಗೆ ಎಂಟು ಒಂಬತ್ತು ಹೆಸರು ಆಗಿರುತ್ತವೆ, ಬರದಿದ್ದ ದಿನ ಒಬ್ಬರಾದರೂ "ಯಾಕೆ ಬರಲಿಲ್ಲ?" ಎಂದು ಕೇಳಿರುತ್ತಾರೆ. ಮಾತು ಹೊರಡದ ಸ್ವಭಾವದವರು ಬೇರೆ ದಾರಿ ಹಿಡಿಯಬಹುದು: ತರಗತಿ ಮುಗಿದ ಮೇಲೆ ಮ್ಯಾಟು, ತೂಕದ ತಟ್ಟೆ (ಪ್ಲೇಟ್), ಡಂಬೆಲ್‌ಗಳನ್ನು ಜೋಡಿಸಲು ಕೈ ಹಾಕಿ. ಕೈ ಕೆಲಸ ಮಾಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ನಾನು ಹೆಚ್ಚಿನ ಗೆಳೆತನ ಕಂಡುಕೊಂಡಿದ್ದು ಈ ಜೋಡಿಸುವ ಹತ್ತು ನಿಮಿಷದಲ್ಲೇ.

*ಸಾಮಾನ್ಯ ತಪ್ಪು:* ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಗೆ ಬರುವುದು. ಕಿವಿ ಮುಚ್ಚಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ, ಕೋಚ್ ಹೇಳಿದ ತಿದ್ದುಪಡಿಯೂ ಕೇಳಿಸುವುದಿಲ್ಲ.

ಹಂತ 4: ಐದು ಚಲನೆ, ಭಾರವಿಲ್ಲದೆ (ವಾರ 1ರಿಂದ 3)

ಎಲ್ಲರಿಗೂ ಅವಸರವಾಗುವುದು ಇಲ್ಲಿಯೇ. ಮೂರು ವಾರ ಖಾಲಿ ಕೈಯಲ್ಲಿ ಮಾಡುವುದಕ್ಕೆ ನಾಚಿಕೆಯಾಗುತ್ತದೆ. ನಾಚಬೇಡಿ. ಮೊದಲ ವಾರಗಳಲ್ಲಿ ಬಲ ಹೆಚ್ಚಿದಂತೆ ಅನ್ನಿಸುವುದು ಬಹುಪಾಲು ನರಗಳು ಕೆಲಸ ಕಲಿತದ್ದರಿಂದ. ಈ ವಾರಗಳಲ್ಲಿ ತಪ್ಪು ಭಂಗಿ ಕಲಿತರೆ ನರಗಳು ಅದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತವೆ.

*ಸ್ಕ್ವಾಟ್.* ಬಸ್ಕಿಯ ಹಾಗೆಯೇ, ಆದರೆ ಕುರ್ಚಿಯ ಎತ್ತರದ ಒಂದು ಪೆಟ್ಟಿಗೆಯ ಮುಂದೆ ನಿಂತು ಆರಂಭಿಸಿ. ಅದರ ಮೇಲೆ ಧಪ್ಪನೆ ಬೀಳದೆ, ಮುಟ್ಟಿಸಿ ಏಳಿ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು, ಒಳಗೆ ವಾಲಬಾರದು. ಹಿಮ್ಮಡಿ ಮೇಲೇಳುತ್ತಿದ್ದರೆ ಕಾಲ್ಗಂಟು ಬಿಗಿಯಾಗಿದೆ ಎಂದರ್ಥ. ಹಿಮ್ಮಡಿಯ ಕೆಳಗೆ ತೆಳುವಾದ ತಟ್ಟೆ ಇಟ್ಟುಕೊಂಡು ಮಾಡಿ, ದಿನವೂ ಕಾಲ್ಗಂಟು ಸಡಿಲಿಸುವ ಅಭ್ಯಾಸವನ್ನು ಕೋಚ್ ಬಳಿ ಕೇಳಿಕೊಳ್ಳಿ.

*ಸೊಂಟದಿಂದ ಬಗ್ಗುವುದು.* ಇದನ್ನು ಕಲಿಯದೆ ಡೆಡ್‌ಲಿಫ್ಟ್‌ಗೆ, ಅಂದರೆ ನೆಲದ ಮೇಲಿನ ಭಾರವನ್ನು ಬಗ್ಗಿ ಎತ್ತುವುದಕ್ಕೆ, ಕೈ ಹಾಕಿದರೆ ಬೆನ್ನುನೋವು ಬರಬಹುದು. ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ದೂರ ನಿಲ್ಲಿ. ಮಂಡಿಯನ್ನು ಸ್ವಲ್ಪವೇ ಮಡಿಸಿ, ಕೈ ತುಂಬಿದಾಗ ಹಿಂದಿನ ಬಾಗಿಲನ್ನು ಸೊಂಟದಿಂದ ತಳ್ಳುತ್ತೇವಲ್ಲ, ಹಾಗೆ ಗೋಡೆ ಮುಟ್ಟಿಸಿ. ಮುಟ್ಟಿತೆಂದರೆ ಎರಡು ಬೆರಳು ಮುಂದಕ್ಕೆ ಸರಿದು ಮತ್ತೆ ಮಾಡಿ. ನಂತರ ಒಂದು ಕೋಲನ್ನು ಬೆನ್ನಿನುದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಮೇಲ್ಬೆನ್ನು, ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು. ಬಗ್ಗುವಾಗ ಯಾವುದಾದರೂ ಒಂದು ಬಿಟ್ಟಿತೆಂದರೆ ಬಗ್ಗುತ್ತಿರುವುದು ಬೆನ್ನು, ಸೊಂಟವಲ್ಲ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿದೆ. ನಡುಬೆನ್ನು ಎಳೆದರೆ ನಿಲ್ಲಿಸಿ, ಮೊದಲಿನಿಂದ ಮಾಡಿ.

*ತಳ್ಳುವುದು.* ನೆಲದ ಮೇಲೆ ಪುಷ್‌ಅಪ್ ಆಗದಿದ್ದರೆ ಮಂಡಿಯೂರುವುದಕ್ಕಿಂತ, ಎತ್ತರದ ಬೆಂಚಿನ ಮೇಲೆ ಕೈಯೂರಿ ಇಡೀ ಮೈ ಹಲಗೆಯ ಹಾಗೆ ನೆಟ್ಟಗಿಟ್ಟು ಮಾಡುವುದೇ ಒಳ್ಳೆಯದು. ವಾರ ಕಳೆದಂತೆ ಎತ್ತರ ತಗ್ಗಿಸುತ್ತ ಬನ್ನಿ.

*ಎಳೆಯುವುದು.* ಮೇಲಿಂದ ತೂಗುವ ರಿಂಗ್ ಅಥವಾ ಪಟ್ಟಿ ಹಿಡಿದು ಹಿಂದಕ್ಕೆ ವಾಲಿ, ಎದೆಯನ್ನು ಕೈಯತ್ತ ತನ್ನಿ. ಪಾದ ಮುಂದೆ ಹೋದಷ್ಟೂ ಕಷ್ಟ. ಹೆಗಲು ಕಿವಿಯತ್ತ ಏರಬಾರದು.

*ಹೊತ್ತು ನಡೆಯುವುದು.* ಭಾರ ಬಳಸಬಹುದಾದ್ದು ಇದೊಂದಕ್ಕೆ. ಎರಡೂ ಕೈಯಲ್ಲಿ ಹಗುರವಾದ ಕೆಟಲ್‌ಬೆಲ್ (ಹಿಡಿಕೆಯಿರುವ ತೂಕದ ಗುಂಡು), ಉದಾಹರಣೆಗೆ 6 ಅಥವಾ 8 ಕಿಲೋ, ಹಿಡಿದು ನೆಟ್ಟಗೆ 20 ಮೀಟರ್. ನೋಡಲು ಸಪ್ಪೆ, ಆದರೆ ಹಿಡಿತ, ಹೆಗಲು, ಹೊಟ್ಟೆ, ಪಾದ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ.

ಪ್ರತಿಯೊಂದನ್ನೂ 8 ಸಲದಂತೆ 3 ಸೆಟ್. ಕೆಳಗಿಳಿಯಲು ಮೂರು ಎಣಿಕೆ, ಮೇಲೇಳಲು ಒಂದು. ಶ್ರಮ ಬೀಳುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ರಕ್ತದೊತ್ತಡ ಇರುವವರು ಇದನ್ನು ಒಂದು ಸಲವೂ ಮರೆಯಬಾರದು.

ಹಂತ 5: ಒಂಟಿ ಕಾಲಿನ ಪಾಠ

ಸಮತೋಲನ ವಯಸ್ಸಾದವರಿಗೆ ಮಾತ್ರ ಎಂದುಕೊಂಡವರು ಬರಿಗಾಲಲ್ಲಿ ಒಂದು ಕಾಲ ಮೇಲೆ ನಿಂತು ನೋಡಲಿ. ಗೋಡೆ ಕೈಗೆಟಕುವಷ್ಟು ಹತ್ತಿರ ಇರಲಿ. 30 ಸೆಕೆಂಡ್ ಅಲ್ಲಾಡದೆ ನಿಂತರೆ ಕಣ್ಣು ಮುಚ್ಚಿ. ಅನೇಕರು ಕೆಲವೇ ಸೆಕೆಂಡಿಗೆ ಗೋಡೆ ಹಿಡಿಯುತ್ತಾರೆ. ನಾವು ಬೀಳದಂತೆ ನೋಡಿಕೊಳ್ಳುವುದು ಮೂರು ಕಡೆಯ ಸುದ್ದಿ: ಕಣ್ಣು, ಒಳಕಿವಿ, ಹಾಗೂ ಪಾದ ಮತ್ತು ಕೀಲುಗಳಿಂದ ಬರುವ ಸಂವೇದನೆ. ಕಣ್ಣು ಮುಚ್ಚಿದಾಗ ಉಳಿದೆರಡು ಎಷ್ಟು ಸೊರಗಿವೆ ಎಂದು ಗೊತ್ತಾಗುತ್ತದೆ. ಇವು ಅಭ್ಯಾಸದಿಂದ ಸುಧಾರಿಸುತ್ತವೆ.

ಕ್ರಮ ಹೀಗಿರಲಿ. ಮೊದಲು ಒಂಟಿ ಕಾಲಲ್ಲಿ 30 ಸೆಕೆಂಡ್. ಅದು ಸಲೀಸಾದರೆ, ನಿಂತಂತೆಯೇ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ನಂತರ ಇಬ್ಬರು ಎದುರುಬದುರು ಒಂಟಿ ಕಾಲಲ್ಲಿ ನಿಂತು ಹಗುರವಾದ ಚೆಂಡು ಕೈಯಿಂದ ಕೈಗೆ ದಾಟಿಸಿ. ಹೊಸ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಆಮೇಲೆ ಒಂಟಿ ಕಾಲ ಮೇಲೆ ಸೊಂಟದಿಂದ ಬಗ್ಗಿ ಏಳುವುದು. ಕೊನೆಗೆ ಒಂದೇ ಕೈಯಲ್ಲಿ ಭಾರ ಹಿಡಿದು ನಡೆಯುವುದು. ಭಾರದ ಕಡೆಗೂ ವಾಲಬಾರದು, ಎದುರು ಕಡೆಗೂ ವಾಲಬಾರದು.

ಇದನ್ನು ವಾರ್ಮ್‌ಅಪ್ ಆದ ತಕ್ಷಣ ಮಾಡಿ, ದಣಿದ ಮೇಲೆ ಅಲ್ಲ. ಅಲುಗಾಡುವ ಹಲಗೆ ಅಥವಾ ಮೆತ್ತನೆಯ ಅರ್ಧಚೆಂಡಿನ ಮೇಲೆ ಡಂಬೆಲ್ ಹಿಡಿದು ಸ್ಕ್ವಾಟ್ ಮಾಡಿಸುವವರಿದ್ದಾರೆ. ಅದನ್ನು ಒಪ್ಪಬೇಡಿ. ಸಮತೋಲನ ಬೇರೆ ಕಲಿಯಿರಿ, ಭಾರ ಎತ್ತುವುದು ಗಟ್ಟಿ ನೆಲದ ಮೇಲೆ.

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ವಾರಕ್ಕೆ 3 ಅಥವಾ ಹೆಚ್ಚು ದಿನ ಸಮತೋಲನ ಮತ್ತು ಬಲ ಸೇರಿದ ಚಟುವಟಿಕೆ ಹೇಳುತ್ತದೆ, ಬೀಳುವುದನ್ನು ತಡೆಯಲೆಂದು.

ಹಂತ 6: ತೂಕ ಏರಿಸುವುದು (ವಾರ 4ರಿಂದ 8)

ಸೆಟ್ ಮುಗಿದಾಗ "ಇನ್ನೂ ಎರಡು ಮೂರು ಸಲ ಆಗುತ್ತಿತ್ತು" ಅನ್ನಿಸಬೇಕು. ಒಂದೂ ಆಗುತ್ತಿರಲಿಲ್ಲ ಅನ್ನಿಸಿದರೆ ತೂಕ ಹೆಚ್ಚಾಯಿತು. ಆರೇಳು ಆಗುತ್ತಿತ್ತು ಅನ್ನಿಸಿದರೆ ಕಡಿಮೆಯಾಯಿತು. ಸತತ ಎರಡು ತರಗತಿಯಲ್ಲಿ ಭಂಗಿ ಕೆಡದಿದ್ದರೆ ಮಾತ್ರ ಏರಿಸಿ, ಅದೂ ಸಿಗುವ ಅತಿ ಚಿಕ್ಕ ತಟ್ಟೆಯಿಂದ. ತೂಕ, ಸಲ, ವೇಗ, ಇವುಗಳಲ್ಲಿ ಒಂದು ವಾರದಲ್ಲಿ ಒಂದನ್ನು ಮಾತ್ರ ಬದಲಿಸಿ. ಪ್ರತಿಯೊಂದನ್ನೂ ಬರೆದಿಡಿ, ನೆನಪನ್ನು ನಂಬಬೇಡಿ.

ಖಾಲಿ ಬಾರ್‌ಬೆಲ್ (ತಟ್ಟೆ ಸಿಕ್ಕಿಸದ ಉದ್ದ ಕಂಬಿ) ಅಂದರೆ ಭಾರವೇ ಇಲ್ಲ ಎಂದಲ್ಲ. ದೊಡ್ಡದು 20 ಕಿಲೋ, ತೆಳುವಾದದ್ದು 15 ಕಿಲೋ ಇರುತ್ತದೆ. ಅನೇಕರು ಡಂಬೆಲ್‌ನಲ್ಲೇ ಒಂದೆರಡು ತಿಂಗಳು ಕಳೆಯಬೇಕಾಗುತ್ತದೆ.

ಐದಾರನೆಯ ವಾರದಲ್ಲಿ ಒಂದು ಗುಂಡಿ ಇದೆ. ಸ್ನಾಯು ಬೇಗ ಒಗ್ಗುತ್ತದೆ, ಅದನ್ನು ಮೂಳೆಗೆ ಕಟ್ಟಿ ಹಿಡಿಯುವ ಸ್ನಾಯುಬಂಧ ನಿಧಾನ. ಇನ್ನಷ್ಟು ಎತ್ತಬಲ್ಲೆ ಎಂಬ ಹುಮ್ಮಸ್ಸು ಬರುವ ಹೊತ್ತಿಗೆ ಮೊಣಕೈ, ಮಂಡಿ, ಹಿಮ್ಮಡಿಯ ಹಿಂದಿನ ನರದಂಥ ಹುರಿ ಇನ್ನೂ ಸಿದ್ಧವಾಗಿರುವುದಿಲ್ಲ. ಕೀಲಿನ ಹತ್ತಿರ ಬೆರಳಿಟ್ಟು ತೋರಿಸುವಂಥ ನೋವು ಶುರುವಾದರೆ ಒಂದು ವಾರ ತೂಕ ಅರ್ಧ ಮಾಡಿ. ಹೋಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ತೋರಿಸಿ.

ಹಂತ 7: ಜೊತೆಗಾರರಾಗುವುದು

ಹೆಸರು ಗೊತ್ತಾಗುವುದು ಬೇರೆ, ಜೊತೆಯಾಗುವುದು ಬೇರೆ. ನಾಲ್ಕನೆಯ ವಾರದಿಂದ ಇಬ್ಬರ ವ್ಯಾಯಾಮ ಬಂದಾಗ ತಪ್ಪಿಸಿಕೊಳ್ಳಬೇಡಿ. ಜೊತೆಯವರು ಮಾಡುವಾಗ ನೀವು ಗಟ್ಟಿಯಾಗಿ ಎಣಿಸಿ. ಎಣಿಸುವವರಿದ್ದರೆ ಮಾಡುವವರು ಉಸಿರಿನ ಮೇಲೆ ಗಮನ ಇಡಬಹುದು. ದೋಣಿಯ ಹುಟ್ಟಿನಂತೆ ಎಳೆಯುವ ರೋಯಿಂಗ್ ಯಂತ್ರವಿದ್ದರೆ ಅಕ್ಕಪಕ್ಕ ಕೂತು ಒಂದೇ ಲಯದಲ್ಲಿ ಎಳೆಯಿರಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟುಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಅಷ್ಟೇ ಶ್ರಮವನ್ನು ಒಬ್ಬರೇ ಮಾಡಿದ್ದಕ್ಕಿಂತ ಒಟ್ಟಾಗಿ ಒಂದೇ ಲಯದಲ್ಲಿ ಮಾಡಿದಾಗ ನೋವು ತಾಳುವ ಶಕ್ತಿ ಹೆಚ್ಚಿದ್ದು ಕಂಡಿತ್ತು.

ಮಾಡಬಾರದ ಎರಡು ಕೆಲಸ. ಕೇಳದೆ ಇನ್ನೊಬ್ಬರ ಭಂಗಿ ತಿದ್ದಬೇಡಿ, ಅದು ಕೋಚ್ ಕೆಲಸ. ಅಪಾಯ ಕಂಡರೆ ಕೋಚ್‌ಗೆ ಹೇಳಿ. ಎರಡನೆಯದು, ಯಾರ ಮೈಕಟ್ಟಿನ ಬಗ್ಗೆಯೂ, ಹೊಗಳಿಕೆಯಾಗಿದ್ದರೂ, ಮಾತಾಡಬೇಡಿ. "ಸಣ್ಣಗಾಗಿದ್ದೀರಿ" ಎಂಬ ಮಾತು ಕಾಯಿಲೆಯಿಂದ ಇಳಿದವರಿಗೆ ಎಲ್ಲಿ ನಾಟುತ್ತದೆಯೋ ನಮಗೆ ತಿಳಿಯದು. ಬದಲಿಗೆ "ಹೋದ ವಾರಕ್ಕಿಂತ ಆಳಕ್ಕೆ ಕೂತಿರಿ" ಎನ್ನಿ.

ಬೋರ್ಡ್ ಮೇಲೆ ಎಲ್ಲರ ಅಂಕ ಬರೆಯುವ ಕಡೆ, ನೀವು ಹೋಲಿಸಬೇಕಾದ್ದು ನಿಮ್ಮ ನೋಟ್‌ಬುಕ್‌ನ ಹಿಂದಿನ ಪುಟದೊಂದಿಗೆ. ಬೋರ್ಡ್ ನೋಡಿ ಮನಸ್ಸು ಕುಗ್ಗುತ್ತಿದ್ದರೆ ಹೆಸರು ಬರೆಯಬೇಡಿ ಎಂದು ನೇರವಾಗಿ ಕೇಳಿಕೊಳ್ಳಿ.

ಹಂತ 8: ವೇಗ, ಕೊನೆಗೆ (ವಾರ 9ರಿಂದ 12)

ಇಂತಿಷ್ಟು ನಿಮಿಷದಲ್ಲಿ ಎಷ್ಟು ಸುತ್ತು ಆಗುತ್ತದೋ ಅಷ್ಟು ಮಾಡುವುದಕ್ಕೆ ಆಮ್‌ರಾಪ್ ಎನ್ನುತ್ತಾರೆ. ಪ್ರತಿ ನಿಮಿಷ ಶುರುವಾದಾಗ ಗೊತ್ತುಪಡಿಸಿದಷ್ಟು ಮಾಡಿ, ಉಳಿದ ಸೆಕೆಂಡು ವಿಶ್ರಮಿಸುವುದು ಈಮಾಮ್. ಈಮಾಮ್‌ನಿಂದ ಶುರು ಮಾಡಿ, ವಿಶ್ರಾಂತಿ ಅದರೊಳಗೇ ಇದೆ. ಒಂದು ನಿಮಿಷದ ಕೆಲಸ 35–40 ಸೆಕೆಂಡಿಗೆ ಮುಗಿಯದಿದ್ದರೆ ಸಂಖ್ಯೆ ಇಳಿಸಿ.

ಶ್ರಮ ಅಳೆಯಲು ಮಾತೇ ಸಾಕು. ಪೂರ್ತಿ ವಾಕ್ಯ ಹೇಳಲಾಗುತ್ತಿದ್ದರೆ ಮಧ್ಯಮ ಶ್ರಮ, ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ಜೋರು. ವಾರದ ಮೂರು ತರಗತಿಯಲ್ಲಿ ಒಂದು ಮಾತ್ರ ಜೋರಾಗಿರಲಿ.

ಪೆಟ್ಟಿಗೆಯ ಮೇಲೆ ಜಿಗಿಯುವ ವ್ಯಾಯಾಮದಲ್ಲಿ ಮೇಲಕ್ಕೆ ಜಿಗಿಯಿರಿ, ಕೆಳಕ್ಕೆ ಹೆಜ್ಜೆಯಿಟ್ಟು ಇಳಿಯಿರಿ. ಹಿಂದಕ್ಕೆ ಜಿಗಿದು ಪುಟಿಯುವುದು ಹಿಮ್ಮಡಿಯ ಹುರಿಗೆ ಅಪಾಯ. ತೂಗಾಡುತ್ತ ಮಾಡುವ ಪುಲ್‌ಅಪ್ (ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವುದು) ಕೂಡ, ತೂಗಾಡದೆ ಕೆಲವನ್ನಾದರೂ ಮಾಡುವಷ್ಟು ಹೆಗಲು ಬಲಿಯುವವರೆಗೆ ಬೇಡ. ಗಡಿಯಾರ ಓಡುತ್ತಿದ್ದರೂ ಭಂಗಿ ಸತತ ಎರಡು ಸಲ ಕೆಟ್ಟರೆ ನಿಂತು ಉಸಿರು ತೆಗೆದುಕೊಳ್ಳಿ.

ನೋವಿನ ಭಾಷೆ: ಯಾವುದಕ್ಕೆ ನಿಲ್ಲಿಸಬೇಕು?

ತರಗತಿಯಾದ ಒಂದರಿಂದ ಮೂರು ದಿನದೊಳಗೆ ಏರಿ ಇಳಿಯುವ, ಎರಡೂ ಕಡೆ ಸಮನಾಗಿರುವ, ಓಡಾಡಿದರೆ ಸಡಿಲವಾಗುವ ಮೈಕೈ ನೋವು ಸಹಜ. ಛಳಕು ಹೊಡೆಯುವ ನೋವು, ಒಂದೇ ಕಡೆಯ ನೋವು, ಕೀಲಿನ ಊತ, ಕೈಕಾಲಿಗೆ ಹರಿಯುವ ಜೋಮು, ರಾತ್ರಿ ಎಬ್ಬಿಸುವ ನೋವು ಸಹಜವಲ್ಲ. ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಕಟ್ಟಿದರೆ ತಕ್ಷಣ ನಿಲ್ಲಿಸಿ ನೆರವು ಕೂಗಿ.

ಇನ್ನೊಂದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಮೈ ಒಗ್ಗುವ ಮುನ್ನ, ಅಥವಾ ದೀರ್ಘ ಬಿಡುವಿನ ನಂತರ, ನೂರಾರು ಸಲ ಒಂದೇ ವ್ಯಾಯಾಮ ಮಾಡಿದರೆ ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಇದಕ್ಕೆ ರಾಬ್ಡೋಮಯೋಲಿಸಿಸ್ ಎಂದು ಹೆಸರು. ಸಹಿಸಲಾಗದ ನೋವು, ಊತ, ತೋಳು ನೇರ ಮಾಡಲಾಗದಷ್ಟು ನಿಶ್ಶಕ್ತಿ, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ ಇದರ ಲಕ್ಷಣ. ಮನೆಯಲ್ಲಿ ನೀರು ಕುಡಿದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹಂತ 9: ಉಳಿದ 165 ಗಂಟೆ

ವಾರದಲ್ಲಿ 168 ಗಂಟೆ, ಜಿಮ್‌ಗೆ 3. ವಯಸ್ಕರಿಗೆ ರಾತ್ರಿ 7 ಗಂಟೆಯಾದರೂ ನಿದ್ದೆ ಬೇಕು, ಬೆಳಗಿನ ಬ್ಯಾಚ್‌ಗಾಗಿ ಅದನ್ನು 5ಕ್ಕೆ ಇಳಿಸುವುದಾದರೆ ಸಂಜೆಯ ಬ್ಯಾಚ್ ಹಿಡಿಯಿರಿ. ನೋಟ್‌ಬುಕ್‌ನಲ್ಲಿ ತೂಕದ ಪಕ್ಕ ನಿದ್ದೆಯ ಗಂಟೆ, ಮನಸ್ಸಿನ ಸ್ಥಿತಿ ಒಂದೊಂದು ಪದದಲ್ಲಿ ಬರೆಯಿರಿ. ನಿದ್ದೆ ಕೆಟ್ಟು, ಸಿಡುಕು ಹೆಚ್ಚಿ, ಮೊನ್ನೆ ಎತ್ತಿದ್ದು ಇಂದು ಏಳದಿದ್ದರೆ ಎರಡು ವಾರಕ್ಕೆ ಕೆಲಸ ಅರ್ಧ ಮಾಡಿ. ತರಗತಿ ತಪ್ಪಿದ್ದಕ್ಕೆ ಅಪರಾಧಿ ಭಾವ ಕಾಡತೊಡಗಿದರೆ, ಮನೆಯವರ ಜೊತೆಗಿನ ಹೊತ್ತನ್ನು ಜಿಮ್ ನುಂಗುತ್ತಿದ್ದರೆ, ಅದೂ ಎಚ್ಚರಿಕೆಯ ಲಕ್ಷಣವೇ.

ಹಂತ 10: ಬಿಡುವಾದ ಮೇಲೆ ಮರಳುವುದು

ಜ್ವರ, ಪ್ರಯಾಣ, ಮನೆಯ ಕೆಲಸ, ಏನೋ ಒಂದು ಬರುತ್ತದೆ. ಎರಡು ಮೂರು ವಾರದಲ್ಲಿ ಬಲ ಅಷ್ಟಾಗಿ ಇಳಿಯುವುದಿಲ್ಲ, ದಮ್ಮು ಮಾತ್ರ ಬೇಗ ಇಳಿಯುತ್ತದೆ. ಅದರಿಂದಲೇ ಮರಳಿದವರು ಮೋಸಹೋಗುವುದು: ತೂಕ ಏಳುತ್ತದೆ, ಉಸಿರು ಕೈಕೊಡುತ್ತದೆ, ಭಂಗಿ ಕುಸಿಯುತ್ತದೆ. ಮೊದಲ ವಾರ ಹಿಂದಿನ ತೂಕದ ಅರ್ಧ, ಎರಡನೆಯ ವಾರ ಮುಕ್ಕಾಲು, ಗಡಿಯಾರ ಮೂರನೆಯ ವಾರದಿಂದ. ಜ್ವರದಿಂದ ಎದ್ದವರು ಮಾಮೂಲು ದಿನದ ಕೆಲಸ ಸುಸ್ತಿಲ್ಲದೆ ಆಗುವವರೆಗೆ ಬರಬೇಡಿ.

ಮರಳುವ ಹಿಂದಿನ ದಿನ ಆ ನೋಟ್‌ಬುಕ್‌ನ ಮೊದಲ ಪುಟಗಳಲ್ಲಿರುವ ಹೆಸರುಗಳಲ್ಲಿ ಒಬ್ಬರಿಗೆ ಫೋನ್ ಮಾಡಿ, "ನಾಳೆ ಬರುತ್ತಿದ್ದೇನೆ, ನನ್ನ ಪಕ್ಕ ನಿಲ್ಲಿ" ಎಂದು ಹೇಳಿಡಿ.